ಹಾಲಿನ ತೊಟ್ಟೆಯ ಮೂಲೆ ಕತ್ತರಿಸಬೇಡಿ, ಸಂಘದಲ್ಲಿ 50 ಪೈಸೆ ಕೇಳಿ

ಹೋದ ದೀಪಾವಳಿಗೆ ಸ್ವಲ್ಪ ಮುಂಚೆ ನಮ್ಮ ಹರಿವೆ ಸೊಪ್ಪು ಒಯ್ದಿದ್ದ ಅಕ್ಕ ಒಬ್ಬರು ಫೋನ್ ಮಾಡಿದ್ರು. "ಎಂತ ಮಾರಾಯ, ಸೊಪ್ಪಿನೊಟ್ಟಿಗೆ ಹಾಲೂ ಫ್ರೀಯಾ?" ಅಂತ ಕೇಳಿದ್ರು. ಆಮೇಲೆ ಫೋಟೋ ಬಂತು. ಹರಿವೆಯ ಬೇರಿಗೆ ನೀಲಿ ಬಣ್ಣದ ಸಣ್ಣ ತ್ರಿಕೋನವೊಂದು ಅಂಟಿಕೊಂಡಿತ್ತು. ಹಾಲಿನ ತೊಟ್ಟೆಯ ಮೂಲೆ. ಅವರು ನಗ್ತಾ ಹೇಳಿದ್ರು, ನನಗೆ ನಗು ಬರಲಿಲ್ಲ. ಸಾವಯವ ಅಂತ ಹೇಳಿ ಪೇಟೆ ರೇಟಿಗಿಂತ ಐದು ರೂಪಾಯಿ ಜಾಸ್ತಿ ತಗೊಳ್ಳೋ ಸೊಪ್ಪು ಅದು.

ಆ ಮೂಲೆ ಎಲ್ಲಿಂದ ಬಂತು ಅಂತ ನನಗೆ ಗೊತ್ತಿತ್ತು. ನಾನಿರೋದು ಬೆಂಗ್ರೆಯಲ್ಲಿ. ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಫಲ್ಗುಣಿ ನದಿ, ನಡುವೆ ಮರಳಿನ ಪಟ್ಟಿ. ಎದುರು ದಡದಲ್ಲಿ ಮಂಗಳೂರಿನ ಹಳೇ ಬಂದರು ಕಾಣ್ತದೆ, ಫೆರಿ ಹತ್ತಿದರೆ ಕೆಲವೇ ನಿಮಿಷ. ಮೂಡಿಗೆರೆಯಲ್ಲಿ ತೋಟಗಾರಿಕೆ ಓದುವಾಗ ಮರಳು ಮಣ್ಣಿನ ಬಗ್ಗೆ ಪುಟಗಟ್ಟಲೆ ಬರೆದು ಮಾರ್ಕು ತಗೊಂಡವನು ನಾನು. ಇಲ್ಲಿ ತೆಂಗಿನ ಬುಡದಲ್ಲಿ ಬಸಳೆ, ಹರಿವೆ ಹಾಕಿದ ಮೇಲೆ ಗೊತ್ತಾಯ್ತು, ಹಾಕಿದ ನೀರು, ಗೊಬ್ಬರ ಎರಡೂ ಜರಡಿಯಲ್ಲಿ ಸೋರಿದ ಹಾಗೆ ಇಳಿದು ಹೋಗ್ತದೆ. ಕಾಂಪೋಸ್ಟ್ ಇಲ್ಲದೆ ಇಲ್ಲಿ ಏನೂ ಇಲ್ಲ. ಹಾಗಾಗಿ ಸುತ್ತಲಿನ ಸುಮಾರು ನಲವತ್ತು ಮನೆಗಳ ಅಡುಗೆಮನೆ ಹಸಿ ಕಸ ನನ್ನ ಗುಂಡಿಗೆ ಬರ್ತದೆ. ಜನ ಚೆನ್ನಾಗಿಯೇ ಬೇರೆ ಮಾಡಿ ಕೊಡ್ತಾರೆ. ಇಡೀ ತೊಟ್ಟೆ ಕಂಡರೆ ನಾನೂ ಎತ್ತಿ ಬಿಸಾಡ್ತೇನೆ. ಆದರೆ ಉಗುರಿನಷ್ಟು ಮೂಲೆ ಕಣ್ಣಿಗೆ ಬೀಳಲ್ಲ. ಬೆಳಿಗ್ಗೆ ಕತ್ತರಿಯಲ್ಲಿ ಕಚಕ್ ಅಂತ ಕತ್ತರಿಸಿದ ಚೂರು ಟೊಮೆಟೊ ಸಿಪ್ಪೆ, ಚಾ ಹುಡಿ ಜೊತೆ ಬಕೆಟಿಗೆ ಬೀಳ್ತದೆ. ದಿನಕ್ಕೆ ಎರಡು ಪ್ಯಾಕೆಟ್ ತಗೊಳ್ಳೋ ಒಂದೇ ಮನೆಯಿಂದ ವರ್ಷಕ್ಕೆ 730 ಚೂರು. ನಲವತ್ತು ಮನೆಯ ಲೆಕ್ಕ ನೀವೇ ಹಾಕಿ.

ಈ ವಿಷಯವನ್ನು ಕೃಷಿ ಜಾಲತಾಣದಲ್ಲಿ ಯಾಕೆ ಬರೀತಿದ್ದೀಯಾ, ಇದು ಪೇಟೆಯವರ ಕಸದ ಸಮಸ್ಯೆ ಅಲ್ವಾ ಅಂತ ಕೇಳಬಹುದು. ಅಲ್ಲ. ಇದನ್ನು ಓದುವವರಲ್ಲಿ ತುಂಬಾ ಜನ ಬೆಳಿಗ್ಗೆ ಸಂಘಕ್ಕೆ ಹಾಲು ಹಾಕಿ ಬಂದವರೇ. ದಕ್ಷಿಣ ಕನ್ನಡ, ಉಡುಪಿಯ ಹಳ್ಳಿ ಸಂಘಗಳ ಹಾಲು ಒಕ್ಕೂಟಕ್ಕೆ ಹೋಗಿ, ಕುಲಶೇಖರದ ಡೇರಿಯಲ್ಲೋ ಉಪ್ಪೂರಿನಲ್ಲೋ ಪ್ಯಾಕೆಟ್ ಆಗಿ ಹೊರಗೆ ಬರ್ತದೆ. ಒಕ್ಕೂಟ ಅಂದರೆ ಯಾರೋ ಕಂಪನಿ ಅಲ್ಲ, ಸಂಘಗಳ ಒಕ್ಕೂಟ. ಸಂಘ ಅಂದರೆ ಸದಸ್ಯರು. ಅಂದ ಮೇಲೆ ಆ ತೊಟ್ಟೆ ನಮ್ಮದೇ. ಹಾಲು ಮಾತ್ರ ನಮ್ಮದು, ತೊಟ್ಟೆ ಊರವರದ್ದು ಅನ್ನೋಕೆ ಆಗಲ್ಲ.

ತೊಟ್ಟೆ ವಾಪಸ್ ಬರೋದೂ ನಮ್ಮಲ್ಲಿಗೇ. ನಮ್ಮ ಎರಡು ಹಸುಗಳಲ್ಲಿ ಒಂದು 2023ರ ಬೇಸಿಗೆಯಲ್ಲಿ ಮೇವು ಬಿಟ್ಟಿತು, ಎಡಬದಿ ಹೊಟ್ಟೆ ಉಬ್ಬಿತು, ಮೆಲುಕು ನಿಂತಿತು. ಡಾಕ್ಟ್ರು ಹೊಟ್ಟೆ ಕೊಯ್ದು ತೆಗೆದ ಮುದ್ದೆಯಲ್ಲಿ ಬಲೆಯ ನೂಲು, ಅಕ್ಕಿ ಚೀಲದ ಎಳೆ, ಹಾಲಿನ ತೊಟ್ಟೆಗಳು. ಹಸು ಮೇವನ್ನು ನಮ್ಮ ಹಾಗೆ ಆರಿಸಿ ತಿನ್ನಲ್ಲ, ನಾಲಗೆಯಲ್ಲಿ ಸುತ್ತಿ ಎಳ್ಕೊಳ್ತದೆ. ಒಳಗೆ ಹೋದ ಪ್ಲಾಸ್ಟಿಕ್ ಜೀರ್ಣ ಆಗಲ್ಲ, ಮುಂದಕ್ಕೂ ಹೋಗಲ್ಲ, ಮೊದಲ ಹೊಟ್ಟೆಯಲ್ಲೇ ಗಂಟಾಗಿ ಕೂರ್ತದೆ. ಹಸು ಬದುಕಿತು, ಆದರೆ ಆ ಕರಾವಿನಲ್ಲಿ ಹಾಲು ಅರ್ಧಕ್ಕೆ ಇಳಿಯಿತು.

ಮಂದಾರ ನೆನಪಿದೆಯಲ್ಲ? 2019ರ ಆಗಸ್ಟ್ ಮಳೆಗೆ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮನೆಗಳ ಮೇಲೆ, ಅಡಿಕೆ ತೋಟಗಳ ಮೇಲೆ ಹರಿಯಿತು. ಫಲಕ್ಕೆ ಬಂದ ಮರಗಳು ಕಸದಡಿ ಹೋದವು. ಮಂಗಳೂರಿನವರು ಎಸೆದದ್ದನ್ನು ಹೊತ್ತದ್ದು ಕೃಷಿಕರ ತೋಟ. ನಮ್ಮ ಬೆಂಗ್ರೆಯಲ್ಲೂ ಪ್ರತಿ ಮಳೆಗಾಲ ಅದರ ಸಣ್ಣ ಆವೃತ್ತಿ ನಡೆಯುತ್ತೆ. ನೇತ್ರಾವತಿ, ಫಲ್ಗುಣಿ ಎರಡೂ ಇಲ್ಲೇ ಅಳಿವೆಬಾಗಿಲಲ್ಲಿ ಕಡಲು ಸೇರೋದು. ಮೇಲಿನ ಊರುಗಳ ತೋಡಿನಲ್ಲಿ ಬಿದ್ದದ್ದು ಜುಲೈ ಹೊತ್ತಿಗೆ ನಮ್ಮ ಮರಳ ಮೇಲೆ ಇರ್ತದೆ, ಕೈರಂಪಣಿ ಎಳೆಯುವವರ ಬಲೆಗೂ ಬರ್ತದೆ. ಬೇರೆ ತೊಟ್ಟೆಗಳ ಹೆಸರು ಮಾಸಿರುತ್ತೆ, ಹಾಲಿನದ್ದು ಮಾತ್ರ ಬಣ್ಣದಿಂದಲೇ ಗುರುತು ಸಿಗ್ತದೆ.

ಈಗ ಒಂದು ಮಾತು ತೊಟ್ಟೆಯ ಪರವಾಗಿ. ಅದು ಕೆಟ್ಟ ಪ್ಲಾಸ್ಟಿಕ್ ಅಲ್ಲ. ಹಾಲಿನ ಪ್ಯಾಕೆಟ್ ಪಾಲಿಥೀನ್ ಜಾತಿಯದ್ದೇ ಪದರಗಳ ಹಾಳೆ. ಬೇರೆ ಲೋಹ, ಕಾಗದ ಸೇರಿಲ್ಲ. ಆದ್ದರಿಂದ ಕರಗಿಸಿ ಪೈಪು, ಕಸದ ಚೀಲ ಮಾಡಬಹುದು. ಮತ್ತೆ ಹಾಲಿನ ಪ್ಯಾಕೆಟ್ ಆಗಲ್ಲ, ಅದು ಬೇರೆ ಮಾತು. ಚಿಪ್ಸ್ ಪೊಟ್ಟಣದಂತೆ ಲೋಹದ ಪದರ ಇರುವುದು, ಫ್ರಿಜ್ ಇಲ್ಲದೆ ತಿಂಗಳುಗಟ್ಟಲೆ ಉಳಿಯುವ ಹಾಲಿನ ಕಾಗದ-ಪ್ಲಾಸ್ಟಿಕ್-ಅಲ್ಯೂಮಿನಿಯಂ ಪೆಟ್ಟಿಗೆ, ಇವನ್ನು ಬಿಡಿಸಲು ವಿಶೇಷ ಘಟಕವೇ ಬೇಕು. ಸಾದಾ ಹಾಲಿನ ತೊಟ್ಟೆಯನ್ನು ಗುಜರಿಯವನೂ ತಗೊಳ್ತಾನೆ, ತೊಳೆದು ಒಣಗಿಸಿದ್ದರೆ.

ಹಾಗಾದರೆ ತೊಟ್ಟೆ ಗುಜರಿಗೆ ಯಾಕೆ ಹೋಗಲ್ಲ? ಯಾಕಂದ್ರೆ ಬೆಲೆ ಇಲ್ಲ. ನಾನು ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿದೆ: ಅರ್ಧ ಲೀಟರಿನ 100 ಖಾಲಿ ಪ್ಯಾಕೆಟ್ ಹೆಚ್ಚುಕಮ್ಮಿ ಕಾಲು ಕೆಜಿ. ಒಂದು ಕೆಜಿಗೆ 400 ಬೇಕು. ಬಂದರಿನ ಗುಜರಿಯಲ್ಲಿ ನನಗೆ ಸಿಕ್ಕಿದ್ದು ಕೆಜಿಗೆ 12 ರೂಪಾಯಿ. ಒಂದು ತೊಟ್ಟೆಗೆ 3 ಪೈಸೆ! ಮೂರು ಪೈಸೆಗೆ ಯಾರು ಬಗ್ಗಿ ಎತ್ತುತ್ತಾರೆ ಹೇಳಿ.

ನಾನು ಪ್ರಯೋಗ ಮಾಡಿಯೂ ನೋಡಿದ್ದೇನೆ. ಸೊಪ್ಪಿನ ಫೋಟೋ ಬಂದ ಮಾರನೇ ವಾರ ಹಾಲು ಮಾರುವ ಅಂಗಡಿಯೊಂದರಲ್ಲಿ ಗೋಣಿ ಕಟ್ಟಿದೆ. ತೊಟ್ಟೆ ತಂದು ಹಾಕಿ, ಮೂಲೆ ಕತ್ತರಿಸಬೇಡಿ ಅಂತ ಚೀಟಿ ಅಂಟಿಸಿದೆ. ಮೊದಲ ಹದಿನೈದು ದಿನ ತೊಳೆಯದ್ದೇ ಬಂತು. ಹುಳಿ ವಾಸನೆ, ಇರುವೆ, ಆಮೇಲೆ ಇಲಿ. ಅಂಗಡಿ ಅಣ್ಣ ಸಿಟ್ಟಲ್ಲಿ ಗೋಣಿ ಬಿಚ್ಚಿ ಹೊರಗಿಟ್ಟರು, ಅವರ ತಪ್ಪಲ್ಲ. ತೊಳೆಯೋದು ಹೇಗೆ ಅಂತ ಮನೆಮನೆಗೆ ಹೋಗಿ ತೋರಿಸಿದ ಮೇಲೆ ಸರಿಯಾಯ್ತು. ನಾಲ್ಕು ತಿಂಗಳಿಗೆ 15 ಕೆಜಿ ಆಯ್ತು. ಎರಡು ಚೀಲ ಹೊತ್ತು ಫೆರಿ ಹತ್ತಿ ಬಂದರಿಗೆ ಹೋದೆ. 180 ರೂಪಾಯಿ ಸಿಕ್ತು. ಫೆರಿ, ಒಂದು ಚಾ, ಒಂದು ಗೋಳಿಬಜೆ ಕಳೆದು ಉಳಿದದ್ದು ಕೇಳಬೇಡಿ.

ಅದೇ ತೊಟ್ಟೆಗೆ 50 ಪೈಸೆ ಇದ್ದಿದ್ದರೆ? 15 ಕೆಜಿ ಅಂದರೆ 6,000 ತೊಟ್ಟೆ, 3,000 ರೂಪಾಯಿ. ಆಗ ನನ್ನಂಥವನು ಬೇಡವೇ ಬೇಡ, ಮಕ್ಕಳೇ ಒಟ್ಟು ಮಾಡ್ತಾರೆ.

50 ಪೈಸೆ ಅನ್ನೋದು ನಾನು ಕಂಡುಹಿಡಿದದ್ದಲ್ಲ. 2018ರಲ್ಲಿ ಮಹಾರಾಷ್ಟ್ರ ಪ್ಲಾಸ್ಟಿಕ್ ನಿಷೇಧ ತಂದಾಗ ಹಾಲಿನ ತೊಟ್ಟೆಗೆ ಅವಕಾಶ ಕೊಟ್ಟು, ಕಡಿಮೆ ಅಂದರೆ 50 ಪೈಸೆ ಕೊಟ್ಟು ಅದನ್ನು ವಾಪಸ್ ಕೊಳ್ಳಬೇಕು ಅಂತ ಷರತ್ತು ಹಾಕಿತು. ನಿಯಮ ಕಾಗದದಲ್ಲಿ ಚಂದ ಇತ್ತು, ಮನೆಮನೆಗೆ ಇಳಿಯಲಿಲ್ಲ. ನಮ್ಮ ರಾಜ್ಯದ 2016ರ ಮಾರ್ಚ್ ಆದೇಶವಂತೂ ಹಾಲು, ಹಾಲಿನ ಉತ್ಪನ್ನದ ಪ್ಯಾಕಿಂಗಿಗೆ ವಿನಾಯಿತಿ ಕೊಟ್ಟು ಸುಮ್ಮನಾಯ್ತು. (ಅದೇ ಆದೇಶದಲ್ಲಿ ತೋಟಗಾರಿಕೆ ನರ್ಸರಿ ಚೀಲಕ್ಕೂ ವಿನಾಯಿತಿ ಇದೆ. ನನ್ನ ಕ್ಷೇತ್ರವೂ ಸಾಚಾ ಅಲ್ಲ ಅಂತ ಒಪ್ಕೊಳ್ತೇನೆ.) 2022ರ ಫೆಬ್ರವರಿಯ ಕೇಂದ್ರದ ನಿಯಮದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಮಾಲು ಮಾರುವ ದೊಡ್ಡ ಬ್ರ್ಯಾಂಡ್ ತನ್ನ ಪಾಲಿನ ಪ್ಲಾಸ್ಟಿಕ್ಕಿಗೆ ಹೊಣೆ. ಆದರೆ ಬೇರೆಯವರು ಮಾಡಿದ ಮರುಬಳಕೆಯ ಪ್ರಮಾಣಪತ್ರ ಕೊಂಡು ಲೆಕ್ಕ ಸರಿ ಮಾಡೋಕೂ ಅದರಲ್ಲಿ ದಾರಿ ಇದೆ. ಲೆಕ್ಕ ಸರಿಯಾಗ್ತದೆ, ಬೆಂಗ್ರೆ ಮರಳಿನ ಮೇಲಿನ ತೊಟ್ಟೆ ಅಲ್ಲೇ ಇರ್ತದೆ.

ವಾಪಸ್ ಪದ್ಧತಿ ನಡೆಯೋದೇ ಇಲ್ಲ ಅನ್ನುವವರಿಗೆ ನೀಲಗಿರಿ ತೋರಿಸ್ತೇನೆ. 2022ರಲ್ಲಿ ಅಲ್ಲಿ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚು ತಗೊಂಡು, ಖಾಲಿ ಬಾಟಲಿ ತಂದಾಗ ವಾಪಸ್ ಕೊಡುವ ವ್ಯವಸ್ಥೆ ಬಂತು. ಬಹುಪಾಲು ಬಾಟಲಿ ಮರಳಿ ಬಂದವು. ಕುಡಿದವನೇ ನೆನಪಿಟ್ಟು ಬಾಟಲಿ ತರ್ತಾನೆ ಅಂದ್ರೆ ಹಾಲು ಕುಡಿದ ನಮಗೆ ಏನಾಗಿದೆ?

ಒಕ್ಕೂಟಕ್ಕೆ ಕಷ್ಟ ಅನ್ನೋ ವಾದ ನನಗೆ ಒಪ್ಪಿಗೆ ಇಲ್ಲ. 2024ರ ಜೂನಿನಲ್ಲಿ ನಂದಿನಿ ಪ್ಯಾಕೆಟ್ಟಿಗೆ 50 ಎಂಎಲ್ ಸೇರಿಸಿ 2 ರೂಪಾಯಿ ಏರಿಸಿದ್ರು, 2025ರ ಏಪ್ರಿಲಿನಲ್ಲಿ ಹಳೇ ಅಳತೆಗೆ ಇಳಿಸಿ ಲೀಟರಿಗೆ 4 ರೂಪಾಯಿ ಏರಿಸಿದ್ರು. ಹತ್ತು ತಿಂಗಳೊಳಗೆ ರಾಜ್ಯದ ಎಲ್ಲ ಪ್ಯಾಕೆಟ್‌ನ ಅಳತೆ, ಮುದ್ರಣ ಎರಡು ಸಲ ಬದಲಾಯಿತು. ಅಷ್ಟು ಆಗುವಾಗ 50 ಪೈಸೆಯ ಒಂದು ಸಾಲು ಮುದ್ರಿಸೋಕೆ ಆಗಲ್ವಾ? ಇನ್ನೊಂದು ನೋಡಿ. ಹಾಲಿನ ವ್ಯಾನ್ ಬೆಳಿಗ್ಗೆ ಕ್ರೇಟ್ ಇಳಿಸಿ ಹಿಂದಿನ ದಿನದ ಖಾಲಿ ಕ್ರೇಟ್ ಹೊತ್ತು ಹೋಗ್ತದೆ. ಆ ಖಾಲಿ ಕ್ರೇಟಿನಲ್ಲಿ ಒಣಗಿದ ತೊಟ್ಟೆಯ ಒಂದು ಕಟ್ಟು ಹೋಗಬಾರದಾ? ಡೇರಿಯ ಸ್ವಚ್ಛತೆಯ ಪ್ರಶ್ನೆ ನಿಜ, ಹಾಲಿನ ಕ್ರೇಟಿಗೆ ಕೊಳಕು ಸೇರಬಾರದು. ಅದಕ್ಕೆ ಮುಚ್ಚಿದ ಬೇರೆ ಬಣ್ಣದ ಕ್ರೇಟ್ ಒಂದು ಸಾಕು. ಅಂಗಡಿಯವರಿಗೂ ತೊಟ್ಟೆಗೆ ಐದು ಪೈಸೆ ಕಮಿಷನ್ ಬೇಕು, ಬಿಟ್ಟಿ ಕೆಲಸ ಯಾರೂ ಮಾಡಲ್ಲ.

ಇನ್ನು ವಾಟ್ಸಾಪಿನಲ್ಲಿ ಆಗಾಗ ಬರುವ ಸಂತೋಷದ ಸುದ್ದಿ: ಮೆಕ್ಕೆಜೋಳದ ಪ್ಯಾಕೆಟ್, ಮಣ್ಣಲ್ಲಿ ಕರಗ್ತದೆ! ಸಾವಯವದವನು ಖುಷಿ ಪಡ್ತಾನೆ ಅಂದ್ಕೊಂಡು ಎಲ್ಲರೂ ನನಗೇ ಕಳಿಸ್ತಾರೆ. ಮೆಕ್ಕೆಜೋಳದಿಂದ ಮಾಡುವ ಪಿಎಲ್ಎ ಅನ್ನೋ ವಸ್ತು ಕರಗೋಕೆ 58 ಡಿಗ್ರಿ ಆಸುಪಾಸಿನ ಬಿಸಿ ವಾರಗಟ್ಟಲೆ ಬೇಕು. ದೊಡ್ಡ ಕಾಂಪೋಸ್ಟ್ ಘಟಕದಲ್ಲಿ ಆಗ್ತದೆ. ನನ್ನ ಗುಂಡಿಯಲ್ಲಿ ನಡುಭಾಗ ನಾಲ್ಕು ದಿನ ಅಷ್ಟು ಬಿಸಿ ಆಗಿ ಇಳಿದು ಬಿಡ್ತದೆ. ನದಿಯಲ್ಲಿ, ಕಡಲಲ್ಲಿ ಅಷ್ಟು ಬಿಸಿ ಎಲ್ಲಿಂದ? ಮೇಲಾಗಿ ಅದು ನೋಡೋಕೆ ಸಾದಾ ತೊಟ್ಟೆ ಹಾಗೇ ಇದ್ದು ಗುಜರಿ ರಾಶಿಗೆ ಸೇರಿದರೆ ಇಡೀ ರಾಶಿಯ ಗುಣ ಕೆಡಿಸ್ತದೆ. ಬರೋದು ಬೇಡ ಅಂತಲ್ಲ. ಆದರೆ ಅದಕ್ಕೂ ಬೇರೆಯಾಗಿ ವಾಪಸ್ ತಗೊಳ್ಳೋ ವ್ಯವಸ್ಥೆ ಬೇಕು. ಅಂದ ಮೇಲೆ ಮೊದಲು ಅದನ್ನೇ ಮಾಡೋಣ.

ಸ್ವಂತ ಬ್ರ್ಯಾಂಡಿನಲ್ಲಿ ಹಾಲು, ಮೊಸರು, ತುಪ್ಪ ಮಾರುವ ಗೆಳೆಯರಿಗೆ ನನ್ನ ಅನುಭವ ಹೇಳ್ತೇನೆ. ಹಾಲು ಹತ್ತಿರದ ಮನೆಗಳಿಗೆ ಮಾತ್ರ ಇದ್ದರೆ ಅವರ ಸ್ಟೀಲ್ ಪಾತ್ರೆಗೇ ಅಳೆದು ಹಾಕಿ, ಇದಕ್ಕಿಂತ ಒಳ್ಳೇ ಪ್ಯಾಕಿಂಗ್ ಇಲ್ಲ. ತುಪ್ಪಕ್ಕೆ ಗಾಜಿನ ಭರಣಿ. ನಾನು 30 ರೂಪಾಯಿ ಇಟ್ಟುಕೊಂಡು ಕೊಡ್ತೇನೆ, ಹತ್ತರಲ್ಲಿ ಎಂಟು ಮರಳಿ ಬರ್ತವೆ. ಬಿಸಿನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಒಂದು ಹನಿ ನೀರಿದ್ದರೂ ತುಪ್ಪ ಕೆಡ್ತದೆ. ಮೊಸರಿಗೆ ಮಣ್ಣಿನ ಕುಡಿಕೆ ನೋಡಲು ಚಂದ, ನೀರು ಹೀರಿ ಮೊಸರು ಗಟ್ಟಿಯಾಗ್ತದೆ. ಆದರೆ ಬೈಕಿನಲ್ಲಿ ಒಯ್ಯುವಾಗ ಒಡೀತದೆ, ಮತ್ತೆ ಬಳಸಲು ಶುದ್ಧ ಮಾಡೋದೂ ಕಷ್ಟ. ಅಡಿಕೆ ಹಾಳೆ ಬೇಡ. ಸೋರುತ್ತದೆ ಅನ್ನೋದು ಒಂದು. 2025ರಲ್ಲಿ ಅಮೆರಿಕದ ಎಫ್‌ಡಿಎ ಅಡಿಕೆ ಹಾಳೆಯಲ್ಲಿನ ಅಂಶಗಳು ಆಹಾರಕ್ಕೆ ಇಳಿಯುವ ಬಗ್ಗೆ ಎಚ್ಚರಿಸಿದೆ ಅನ್ನೋದು ಇನ್ನೊಂದು. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಇದನ್ನು ಬರೆಯೋದು ಬೇಜಾರಿನ ಕೆಲಸ. "ಪೇಪರ್ ಕಪ್" ಅಂತ ನಂಬಬೇಡಿ, ಒಳಗೆ ಪ್ಲಾಸ್ಟಿಕ್ ಪದರ ಇರ್ತದೆ. ಅದಕ್ಕಿಂತ ತಳದಲ್ಲಿ 5 ಅಂತ ಗುರುತಿರುವ ಒಂದೇ ಪ್ಲಾಸ್ಟಿಕ್ಕಿನ ಗಟ್ಟಿ ಡಬ್ಬಿ ಮೇಲು.

ಇವತ್ತಿನಿಂದಲೇ ಮನೆಯಲ್ಲಿ ಮಾಡಬಹುದಾದದ್ದು ಇಷ್ಟೇ. ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಚಿಗೆ ಸ್ವಲ್ಪ ಸೀಳಿ, ಚೂರು ತೊಟ್ಟೆಯಲ್ಲೇ ನೇತಾಡಲಿ. ಹಾಲು ಸುರಿದ ಮೇಲೆ ಅರ್ಧ ಲೋಟ ನೀರು ಹಾಕಿ ಕುಲುಕಿ ಆ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿ. ತೊಟ್ಟೆಯ ಮೇಲಂಚು ಬಿಡಿಸಿ ತಿರುವಿ, ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ ಒಣಗಿಸಿ. ದಿನಕ್ಕೆ ಒಂದು ಲೀಟರ್ ಬೇಕಿದ್ದರೆ ಎರಡು ಅರ್ಧದ ಬದಲು ಒಂದು ಲೀಟರಿನದ್ದೇ ತನ್ನಿ, ಪ್ಲಾಸ್ಟಿಕ್ ಕಡಿಮೆ.

ಸಂಘದ ವಾರ್ಷಿಕ ಮಹಾಸಭೆ ಸಾಮಾನ್ಯವಾಗಿ ಸೆಪ್ಟೆಂಬರ್ ಒಳಗೆ ಆಗ್ತದೆ. ಬೋನಸ್, ಹಿಂಡಿ ರೇಟು, ಫ್ಯಾಟ್ ಜಗಳ ಮುಗಿದ ಮೇಲೆ "ಇತರ ವಿಷಯ" ಬರುವಾಗ ಅರ್ಧ ಸಭೆ ಊಟಕ್ಕೆ ಎದ್ದಿರುತ್ತೆ. ಆದ್ದರಿಂದ ಮೊದಲೇ ಬರೆದು ಕೊಡಿ: ತೊಟ್ಟೆಗೆ 50 ಪೈಸೆ ವಾಪಸ್ ಕೊಡುವ ವ್ಯವಸ್ಥೆಯನ್ನು ಒಂದು ತಾಲೂಕಿನಲ್ಲಾದರೂ ಪ್ರಯೋಗ ಮಾಡಬೇಕು ಅಂತ ನಮ್ಮ ಸಂಘ ಒಕ್ಕೂಟವನ್ನು ಕೇಳುತ್ತದೆ. ನಿರ್ಣಯ ಪುಸ್ತಕದಲ್ಲಿ ಬರೆಸಿ, ಫೋನಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ನಮ್ಮ ಅಂಗಡಿ ಅಣ್ಣ ಮತ್ತೆ ಗೋಣಿ ಕಟ್ಟೋಕೆ ಒಪ್ಪಿದ್ದಾರೆ. ಈ ಮಳೆಗೆ ಮುಚ್ಚಳ ಇರುವ ಡ್ರಮ್ ತಂದುಕೊಟ್ಟರೆ ಮಾತ್ರ ಅಂತ ಷರತ್ತು. ಬಂದರಿನಲ್ಲಿ ಹಳೇ ಡ್ರಮ್ ನೋಡಿಟ್ಟಿದ್ದೇನೆ, 350 ಹೇಳ್ತಾ ಇದ್ದಾನೆ.