ಬ್ಯಾಟರಿಯ ಮೇಲೆ ಹೊರಿಸುವ ಅಪರಾಧ

ನಮ್ಮ ಊರುಗಳ ಗ್ಯಾರೇಜುಗಳಲ್ಲಿ ವಿಚಾರಣೆಯೇ ಇಲ್ಲದೆ ಶಿಕ್ಷೆಗೆ ಗುರಿಯಾಗುವ ಆರೋಪಿಯೊಂದಿದೆ. ಅದು ಮೋಟಾರ್ ಸೈಕಲಿನ ಬ್ಯಾಟರಿ. ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಾರ್ನ್ ನರಳುತ್ತದೆ, ಇಂಡಿಕೇಟರ್ ಮಿಣುಕುತ್ತದೆ. ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜಿಗೆ ಹೋದರೆ ಕೇಳಿಬರುವ ಮೊದಲ ಮಾತು, "ಬ್ಯಾಟರಿ ಹೋಗಿದೆ ಸಾರ್, ಹೊಸದು ಹಾಕಿಸಿ." ಹಾಕಿಸುತ್ತೇವೆ. ಎರಡು ದಿನವೋ ಎರಡು ವಾರವೋ ಗಾಡಿ ಓಡುತ್ತದೆ. ಆಮೇಲೆ ಮತ್ತೆ ಅದೇ ಟಕ್ ಟಕ್.

ಬೈಕಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವವನಿಗೆ, ಹಳ್ಳಿಹಳ್ಳಿ ತಿರುಗಿ ಬಟ್ಟೆ ಮಾರುವವನಿಗೆ, ನಗರದಲ್ಲಿ ಮನೆಮನೆಗೆ ಊಟ ತಲುಪಿಸುವ ಹುಡುಗನಿಗೆ ಇದು ಸಣ್ಣ ವಿಷಯವಲ್ಲ. ಒಂದು ಬ್ಯಾಟರಿಯ ಬೆಲೆ ಅವನ ಹಲವು ದಿನಗಳ ಉಳಿತಾಯ. ಗಾಡಿ ನಿಂತ ದಿನ ಒಲೆಯೂ ತಣ್ಣಗೆ. ಅವನ ಕೈಯಿಂದ ಈ ಹಣ ಎರಡೆರಡು ಸಲ ಹೋಗುತ್ತಿರುವುದು ಬ್ಯಾಟರಿ ಕೆಟ್ಟದ್ದರಿಂದಲೇ ಎಂದು ಹೇಳುವ ಧೈರ್ಯ ನನಗಿಲ್ಲ. ಪರೀಕ್ಷಿಸದೆ ತೀರ್ಪು ಕೊಡುವ ಅಭ್ಯಾಸ ನಮ್ಮಲ್ಲಿ ಬೆಳೆದಿದೆ. ಹಣ ಹೋಗುತ್ತಿರುವುದು ಅಲ್ಲಿ.

ಬ್ಯಾಟರಿ ಬಾವಿಯಲ್ಲ, ತೊಟ್ಟಿ. ಅದರಲ್ಲಿ ತಾನಾಗಿ ನೀರು ಹುಟ್ಟುವುದಿಲ್ಲ. ಇಂಜಿನ್ ತಿರುಗುವಾಗ ಅಯಸ್ಕಾಂತದ ಚಕ್ರ ತಾಮ್ರದ ಸುರುಳಿಗಳ ಸುತ್ತ ತಿರುಗಿ ವಿದ್ಯುತ್ ಹುಟ್ಟುತ್ತದೆ. ಮೈಕೆಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟ ತತ್ವವೇ ಇದು. ಈ ಸುರುಳಿಗಳ ಕಟ್ಟಿಗೆ ಸ್ಟೇಟರ್ ಎಂದು ಹೆಸರು. ನಮ್ಮ ಮೆಕ್ಯಾನಿಕರ ಬಾಯಲ್ಲಿ ಅದು ಕಾಯಿಲ್ ಪ್ಲೇಟ್. ಅಲ್ಲಿಂದ ಹೊರಡುವ ಎಸಿ ವಿದ್ಯುತ್ತನ್ನು ಡಿಸಿಯಾಗಿ ಬದಲಿಸಿ, ಮಿತಿ ಮೀರದಂತೆ ಹಿಡಿದಿಡುವುದು ರೆಗ್ಯುಲೇಟರ್-ರೆಕ್ಟಿಫೈಯರ್. ಅದು ಕೊಟ್ಟದ್ದನ್ನು ತುಂಬಿಟ್ಟುಕೊಳ್ಳುವುದಷ್ಟೇ ಬ್ಯಾಟರಿಯ ಕೆಲಸ. ತೊಟ್ಟಿ ಬರಿದಾದರೆ ಪಂಪು ಕೆಟ್ಟಿರಬಹುದು, ಪೈಪು ಒಡೆದಿರಬಹುದು, ಯಾರೋ ನಲ್ಲಿ ತೆರೆದಿಟ್ಟು ಹೋಗಿರಬಹುದು, ತೊಟ್ಟಿಯೇ ಸೀಳಿರಲೂಬಹುದು. ಈ ನಾಲ್ಕನ್ನೂ ನೋಡದೆ ಹೊಸ ತೊಟ್ಟಿ ಕಟ್ಟಿಸುವವನನ್ನು ನಾವು ಬುದ್ಧಿವಂತ ಎನ್ನುತ್ತೇವೆಯೇ?

ಪರೀಕ್ಷೆ ಕಷ್ಟದ್ದೇನಲ್ಲ. ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಸಾಕು. ಗಾಡಿ ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆಯಬೇಕು. 12.6 ವೋಲ್ಟ್ ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ತುಂಬಿದೆ, 12.2ರ ಆಸುಪಾಸು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಖಾಲಿಯಿದ್ದರೆ ಹೊರಗೆ ಚಾರ್ಜ್ ಮಾಡಿಸಿ ಸೆಲ್ಫ್ ಒತ್ತಿ ನೋಡಬೇಕು. ಆಗ ವೋಲ್ಟ್ 9.5ಕ್ಕಿಂತಲೂ ಕೆಳಗೆ ಕುಸಿದರೆ ಮಾತ್ರ ಬ್ಯಾಟರಿಯ ಮೇಲೆ ಅನುಮಾನಪಡುವುದು ನ್ಯಾಯ. ಅದಕ್ಕೂ ಮೊದಲು ಟರ್ಮಿನಲ್‌ಗಳಿಗೆ ಹಿಡಿದ ಬಿಳಿಹಸಿರು ಕಿಲುಬು ತೊಳೆದು, ಫ್ಯೂಸ್ ನೋಡಿ, ಅರ್ತ್ ತಂತಿಯ ಬೋಲ್ಟ್ ಬಿಗಿ ಮಾಡಿರಬೇಕು. ಎಷ್ಟೋ ರೋಗಗಳು ಇಲ್ಲೇ ವಾಸಿಯಾಗುತ್ತವೆ.

ಎರಡನೆಯ ಹೆಜ್ಜೆ, ಇಂಜಿನ್ ಚಾಲೂ ಮಾಡಿ ಆಕ್ಸಿಲೇಟರ್ ಕೊಟ್ಟು ಅದೇ ಜಾಗದಲ್ಲಿ ಅಳೆಯುವುದು. ನಾಲ್ಕೈದು ಸಾವಿರ ಸುತ್ತಿನಲ್ಲಿ 13.5ರಿಂದ 14.5 ವೋಲ್ಟ್ ಬಂದರೆ ಚಾರ್ಜಿಂಗ್ ಸರಿಯಾಗಿದೆ. 12ರ ಬಳಿಯೇ ನಿಂತು ಇಳಿಯುತ್ತಿದ್ದರೆ ತೊಟ್ಟಿಗೆ ನೀರು ಬರುತ್ತಿಲ್ಲ. 15 ದಾಟಿದರೆ ರೆಗ್ಯುಲೇಟರ್ ಹಿಡಿತ ಬಿಟ್ಟಿದೆ. ಅದು ಬಲ್ಬು ಸುಡುತ್ತದೆ, ಬ್ಯಾಟರಿಯನ್ನು ಕುದಿಸಿ ಕೊಲ್ಲುತ್ತದೆ. ಇಂಥ ಗಾಡಿಗೆ ಹೊಸ ಬ್ಯಾಟರಿ ಹಾಕುವುದೆಂದರೆ ಕೊಲೆಗಾರನ ಮನೆಗೆ ಇನ್ನೊಬ್ಬನನ್ನು ಕಳಿಸಿದಂತೆ.

ಚಾರ್ಜ್ ಬರುತ್ತಿಲ್ಲವಾದರೆ ಸ್ಟೇಟರಿನ ಕಪ್ಲರ್ ಬಿಚ್ಚಬೇಕು. ಹಲವು ಗಾಡಿಗಳಲ್ಲಿ ಅಲ್ಲಿ ಮೂರು ತಂತಿಗಳಿರುತ್ತವೆ, ಹೆಚ್ಚಾಗಿ ಹಳದಿ ಬಣ್ಣದವು. ಸಣ್ಣ ಗಾಡಿಗಳಲ್ಲಿ ಲೆಕ್ಕ ಬೇರೆ ಇರಬಹುದು. ಮೂರನ್ನು ಎರಡೆರಡಾಗಿ ಹಿಡಿದು ಎಸಿ ವೋಲ್ಟ್ ಅಳೆದರೆ ಮೂರು ಜೋಡಿಯಲ್ಲೂ ಸಮನಾಗಿ ಬರಬೇಕು, ಇಂಜಿನ್ ವೇಗ ಏರಿದಂತೆ ಏರಬೇಕು. ಒಂದು ಜೋಡಿ ಹಿಂದೆ ಬಿದ್ದರೆ ಸುರುಳಿ ಸುಟ್ಟಿದೆ. ಇಂಜಿನ್ ನಿಲ್ಲಿಸಿ, ಆ ತಂತಿಗೂ ಇಂಜಿನ್ನಿನ ಲೋಹಕ್ಕೂ ನಡುವೆ ಸಂಪರ್ಕವಿದೆಯೇ ನೋಡಿದರೆ ಅನುಮಾನ ಪೂರ್ತಿ ಪರಿಹಾರ. ಅಲ್ಲಿ ಸಂಪರ್ಕ ಇರಲೇಬಾರದು. ಸ್ಟೇಟರ್ ಸರಿಯಿದ್ದರೆ ಉಳಿದದ್ದು ರೆಗ್ಯುಲೇಟರ್ ಮತ್ತು ಅದರಿಂದ ಬ್ಯಾಟರಿಗೆ ಬರುವ ದಾರಿ. ಆ ದಾರಿಯಲ್ಲಿ ಕಪ್ಪಾಗಿ ಕರಗಿದ ಒಂದು ಕಪ್ಲರ್ ಸಿಕ್ಕರೆ ಇಡೀ ರೋಗ ಹತ್ತಿಪ್ಪತ್ತು ರೂಪಾಯಿಯ ಸಾಮಾನಿನಲ್ಲಿ ಮುಗಿದುಹೋಗುತ್ತದೆ.

ಕೊನೆಯದು ತೆರೆದಿಟ್ಟ ನಲ್ಲಿ. ಕೀ ತೆಗೆದ ಗಾಡಿಯ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ ನಡುವೆ ಮೀಟರ್ ಇಟ್ಟರೆ ಸೋರಿಕೆ ಕಾಣುತ್ತದೆ. ಕೆಲವೇ ಮಿಲಿಆಂಪಿಯರ್ ಆದರೆ ಚಿಂತೆಯಿಲ್ಲ. 100 ಮಿಲಿಆಂಪಿಯರ್ ಸೋರಿದರೆ 5 ಆಂಪಿಯರ್-ಅವರ್ ಬ್ಯಾಟರಿ 50 ಗಂಟೆಯಲ್ಲಿ, ಅಂದರೆ ಎರಡೇ ದಿನದಲ್ಲಿ ಬರಿದು. ಇನ್ನು ಓಡುವಾಗಿನ ಖರ್ಚು. 2017ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ದ್ವಿಚಕ್ರ ವಾಹನಗಳಲ್ಲಿ ಹೆಡ್‌ಲೈಟ್ ಹಗಲಲ್ಲೂ ಉರಿಯುತ್ತದೆ. ಅದರ ಮೇಲೆ 20 ವ್ಯಾಟಿನ ಎರಡು ಫಾಗ್ ಲೈಟ್ ಕಟ್ಟಿದರೆ ಮೂರು ಆಂಪಿಯರಿಗೂ ಹೆಚ್ಚು ಹೊರೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ತೆವಳುವ ಗಾಡಿ ಆ ಖರ್ಚಿಗೆ ತಕ್ಕಷ್ಟು ಗಳಿಸುವುದಾದರೂ ಹೇಗೆ?

ಇಷ್ಟಕ್ಕೆ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ ಸಾಕು. ಹಾಗಾದರೆ ಯಾಕೆ ಮಾಡುವುದಿಲ್ಲ? ಮೆಕ್ಯಾನಿಕನನ್ನು ಕಳ್ಳ ಎಂದು ಕರೆದು ಕೈತೊಳೆದುಕೊಳ್ಳುವವರ ಜೊತೆ ನಾನಿಲ್ಲ. ಅವನ ಉತ್ತರ ಸರಳವಾಗಿದೆ: ಸಾಮಾನಿಗೆ ದುಡ್ಡು ಕೊಡುವ ಗಿರಾಕಿ ಪರೀಕ್ಷೆಗೆ ಕೊಡುವುದಿಲ್ಲ. ಸಾವಿರಾರು ರೂಪಾಯಿಯ ಬ್ಯಾಟರಿಗೆ ಚೌಕಾಶಿಯಿಲ್ಲದೆ ಹಣ ಎಣಿಸುವ ನಾವು, ಗಂಟೆಗಟ್ಟಲೆ ತಂತಿ ಹುಡುಕಿ ಒಂದು ಕಪ್ಲರ್ ಬದಲಿಸಿದವನು ಇನ್ನೂರು ಕೇಳಿದರೆ "ಇಷ್ಟಕ್ಕೆ ಇನ್ನೂರಾ?" ಎನ್ನುತ್ತೇವೆ. ಕೈಯ ಕೆಲಸಕ್ಕೆ ಅರೆಕೂಲಿ, ಯೋಚನೆಗಂತೂ ಕೂಲಿಯೇ ಇಲ್ಲ. ಯೋಚನೆಗೆ ಕೂಲಿ ಇಲ್ಲದ ಸಮಾಜದಲ್ಲಿ ಯೋಚಿಸುವವರು ಎಲ್ಲಿಂದ ಬರಬೇಕು?

ಇದರ ಬೇರು ಆಳದಲ್ಲಿದೆ. ಮುಸ್ಲಿಂ ದುಡಿಮೆಗಾರರ ಪಾಲು ಹೆಚ್ಚಾಗಿರುವ ಕಸುಬುಗಳಲ್ಲಿ ವಾಹನ ರಿಪೇರಿಯೂ ಒಂದೆಂದು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿತು. ಆ ಕಸುಬನ್ನೇ ಬೈಗುಳವಾಗಿಸಿದ್ದನ್ನೂ ಕಂಡಿದ್ದೇವೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನ ಸಭೆಯೊಂದರಲ್ಲಿ ಸಂಸದರೊಬ್ಬರು ಪೌರತ್ವ ಕಾಯ್ದೆಯನ್ನು ವಿರೋಧಿಸುವವರನ್ನು 'ಪಂಕ್ಚರ್‌ವಾಲಾ'ಗಳೆಂದು ಹೀಗಳೆದರು. ಪಂಕ್ಚರ್ ಹಾಕುವುದು ಅವಮಾನವೆಂದು ಬಗೆಯುವವರು ತಮ್ಮ ಗಾಡಿ ನಡುರಸ್ತೆಯಲ್ಲಿ ನಿಂತಾಗ ಹುಡುಕುವುದು ಯಾರನ್ನು?

ಆದರೆ ಹೊರಗಿನವರ ಹೀಯಾಳಿಕೆಗೆ ಸಿಟ್ಟಾಗುವ ನಾವು ಒಳಗೆ ನೋಡಿಕೊಳ್ಳಬೇಡವೇ? ನಮ್ಮ ಗ್ಯಾರೇಜುಗಳ ಉಸ್ತಾದ್-ಶಾಗಿರ್ದ್ ಪರಂಪರೆ ದೊಡ್ಡದು. ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆ ಎನ್ನುವ ಕಿವಿಗಳನ್ನು ಅದು ಬೆಳೆಸಿದೆ. ವಿದ್ಯುತ್ತಿಗೆ ಮಾತ್ರ ಸದ್ದಿಲ್ಲ, ವಾಸನೆಯಿಲ್ಲ. ಅದನ್ನು ಅಳೆದೇ ಅರಿಯಬೇಕು. ಶಾಲೆ ಬಿಡಿಸಿ ಸ್ಪ್ಯಾನರ್ ಕೊಟ್ಟ ಹುಡುಗನಿಗೆ ವೋಲ್ಟ್ ಎಂದರೇನು, ಆಂಪಿಯರ್ ಎಂದರೇನು ಎಂದು ಹೇಳಿಕೊಡುವವರಿಲ್ಲ. ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು 2016ರ ತಿದ್ದುಪಡಿ ಬಹುತೇಕ ಪೂರ್ತಿಯಾಗಿ ನಿಷೇಧಿಸಿದೆ. ಹಾಗಿದ್ದೂ ಕಲಿಯುವ ವಯಸ್ಸನ್ನು ಗ್ರೀಸಿನಲ್ಲಿ ಕಳೆದವನಿಂದ ಮುಂದೆ ಊಹೆಯಲ್ಲದೆ ಇನ್ನೇನನ್ನು ನಿರೀಕ್ಷಿಸಬೇಕು?

ಕಂಪನಿಗಳ ಪಾಲೂ ಕಡಿಮೆಯಲ್ಲ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾದ ಆರು ವೋಲ್ಟಿನ ಡೈನಮೋವನ್ನು ಸಣ್ಣ ಊರಿನ ಮೆಕ್ಯಾನಿಕ್ ಕೂಡ ಬಿಚ್ಚಿ ಜೋಡಿಸಬಲ್ಲವನಾಗಿದ್ದ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದಮೇಲೆ ಹೊಸ ಬೈಕುಗಳಲ್ಲಿ ಫ್ಯುಯೆಲ್ ಇಂಜೆಕ್ಷನ್ ಸಾಮಾನ್ಯವಾಯಿತು, ಎಷ್ಟೋ ಗಾಡಿಗಳಲ್ಲಿ ಕಿಕ್ಕರ್ ಕಾಣೆಯಾಯಿತು. ಬ್ಯಾಟರಿ ಸತ್ತರೆ ಗಾಡಿಯೇ ಸತ್ತಂತೆ. ಇಂಥ ಹೊತ್ತಿನಲ್ಲಿ ವೈರಿಂಗ್ ನಕ್ಷೆಯನ್ನು ಡೀಲರನ ಕಪಾಟಿನಲ್ಲಿ ಬೀಗ ಹಾಕಿಡುವುದು ಯಾವ ನ್ಯಾಯ? ಕೇಂದ್ರ ಸರ್ಕಾರ 2022ರಲ್ಲಿ 'ರಿಪೇರಿಯ ಹಕ್ಕಿ'ಗಾಗಿ ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಆದರೆ ಹಕ್ಕು ಬಾಗಿಲಿಗೆ ಬರಬೇಕಾದರೆ ನಕ್ಷೆಗಳು ಕನ್ನಡದಲ್ಲಿ ಮೆಕ್ಯಾನಿಕನ ಗೋಡೆಯ ಮೇಲಿರಬೇಕು.

ತಪ್ಪು ತೀರ್ಪಿನ ಫಲವನ್ನು ಉಣ್ಣುವುದು ಗಿರಾಕಿಯೊಬ್ಬನೇ ಅಲ್ಲ. ಅನ್ಯಾಯವಾಗಿ ಬಿಸಾಕಿದ ಬ್ಯಾಟರಿಯಲ್ಲಿ ಸೀಸವಿದೆ, ಗಂಧಕಾಮ್ಲವಿದೆ. ಹಿತ್ತಲ ಕುಲುಮೆಗಳಲ್ಲಿ ಅದನ್ನು ಕರಗಿಸಿದಾಗ ಏಳುವ ವಿಷ ಮೊದಲು ಸೇರುವುದು ಬಡವರ ಮಕ್ಕಳ ರಕ್ತವನ್ನು.

ಆದ್ದರಿಂದ ನಮ್ಮ ಮಸೀದಿ ಕಮಿಟಿಗಳು, ಸಂಘಗಳು, ಯುವಕರ ಜಮಾತುಗಳು ವರ್ಷಕ್ಕೊಂದು ಸಮ್ಮೇಳನದ ಪೆಂಡಾಲಿಗೆ ಸುರಿಯುವ ಹಣದಲ್ಲಿ ಒಂದು ಪಾಲು ತೆಗೆದಿಡಲಿ. ಊರಿನ ಐಟಿಐ ಶಿಕ್ಷಕರನ್ನು ಕರೆದು, ಗ್ಯಾರೇಜು ಮುಚ್ಚುವ ವಾರದ ರಜೆಯಂದು ಎಲ್ಲ ಜಾತಿಮತದ ಹುಡುಗರನ್ನು ಕೂಡಿಸಿ, ಕೈಗೊಂದು ಮೀಟರ್ ಕೊಟ್ಟು ಕಲಿಸಲಿ. ಗಿರಾಕಿಗಳಾದ ನಾವು, ಹೊಸ ಬ್ಯಾಟರಿ ಹಾಕುವ ಮುನ್ನ ಮೂರು ಅಂಕಿಗಳನ್ನು ಬಿಲ್ಲಿನ ಮೇಲೆ ಬರೆಸೋಣ: ನಿಂತಾಗ ಎಷ್ಟು ವೋಲ್ಟ್, ಓಡುವಾಗ ಎಷ್ಟು, ಕೀ ತೆಗೆದಾಗ ಸೋರಿಕೆ ಎಷ್ಟು. ಆ ಅಂಕಿಗಳನ್ನು ಬರೆದುಕೊಟ್ಟವನಿಗೆ ಅವನ ಕೂಲಿಯನ್ನು ಗೊಣಗದೆ ಕೊಡೋಣ.