ಆರೋಗ್ಯ ಇರುವುದು ಪೊಟ್ಟಣದ ಹಿಂಬದಿಯಲ್ಲಿ

ಬೆಂಗಳೂರು, ಮೈಸೂರಿನ ಬಡಾವಣೆಗಳಲ್ಲಿ ಸಾವಯವ ಮತ್ತು ಸಿರಿಧಾನ್ಯದ ಮಳಿಗೆಗಳು ಈಗ ಮಾಮೂಲಿ ನೋಟ. ದಿನಸಿ ಅಂಗಡಿಗಿಂತ ಇಲ್ಲಿ ಹೆಚ್ಚು ಬೆಲೆ ತೆರುವ ಗಿರಾಕಿಗೆ ಒಂದು ನಂಬಿಕೆಯಿದೆ: ಒಳ್ಳೆಯದನ್ನು ಆರಿಸಿಡುವ ಕೆಲಸ ಅಂಗಡಿಯವರೇ ಮಾಡಿ ಮುಗಿಸಿದ್ದಾರೆ ಎಂದು. ಆದರೆ 2024ರ ಏಪ್ರಿಲ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಆನ್‌ಲೈನ್ ಮಾರಾಟಗಾರರಿಗೆ ಕೊಟ್ಟ ಸೂಚನೆಯನ್ನು ನೋಡಿ. ಹಾಲು, ಧಾನ್ಯ, ಮಾಲ್ಟ್ ಬೆರೆತ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಮಾರಬೇಡಿ, 2006ರ ಕಾಯ್ದೆಯಲ್ಲಿ ಆ ಹೆಸರಿಗೆ ವ್ಯಾಖ್ಯಾನವೇ ಇಲ್ಲ ಎಂದಿತು ಅದು. ಪೇಯಕ್ಕೇ ಸಿಗದ ಮಾನ್ಯತೆ ಅಂಗಡಿಯ ಫಲಕಕ್ಕೆ ಎಲ್ಲಿಂದ ಬರಬೇಕು?

ಹಾಗೆಂದು ಗಿರಾಕಿ ನಿರಾಯುಧನೇನಲ್ಲ. ಪೊಟ್ಟಣದ ಮೇಲೆ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲೇ ಬರೆಯಬೇಕೆಂಬುದು ನಿಯಮ. ಮುಂಬದಿಯಲ್ಲಿ ರಾಗಿ ತೆನೆಯ ಚಿತ್ರ ಹೊತ್ತ ಬಿಸ್ಕತ್ತಿನ ಪಟ್ಟಿ ‘ರಿಫೈನ್ಡ್ ವೀಟ್ ಫ್ಲೋರ್’ನಿಂದ ಶುರುವಾದರೆ ಅದು ರಾಗಿ ಬೆರೆಸಿದ ಮೈದಾ ಬಿಸ್ಕತ್ತು, ಅಷ್ಟೇ. ‘ಹೆಚ್ಚು ನಾರಿನಂಶ’ ಎನ್ನಬೇಕಾದರೆ 100 ಗ್ರಾಂ ಘನ ಆಹಾರದಲ್ಲಿ ಕನಿಷ್ಠ 6 ಗ್ರಾಂ ನಾರಿರಬೇಕು. ‘ಶುಗರ್ ಫ್ರೀ’ ಎನ್ನಲು ಸಕ್ಕರೆ 0.5 ಗ್ರಾಂ ಮೀರಕೂಡದು. ‘ಸಂಸ್ಕರಿತ ಸಕ್ಕರೆ ಇಲ್ಲ’ ಎಂಬ ಉಂಡೆಯಲ್ಲಿ ಬೆಲ್ಲವಿದ್ದರೆ, ಆ ಬೆಲ್ಲದ ಬಹುಪಾಲು ಸುಕ್ರೋಸೇ. ಮಧುಮೇಹಿಯ ರಕ್ತ ಆ ಭೇದ ಎಣಿಸುವುದಿಲ್ಲ. ಬಿಡಿ ಧಾನ್ಯಕ್ಕೂ ಇದೇ ಎಚ್ಚರ ಬೇಕು. ನವಣೆ, ಸಾಮೆಗಳ ಗಟ್ಟಿ ಸಿಪ್ಪೆ ತೆಗೆಯಲೇಬೇಕು. ಆಮೇಲೂ ಪಾಲಿಶ್ ಮಾಡಿ ಬೆಳ್ಳಗಾಗಿಸಿದರೆ ತೌಡಿನ ಜೊತೆ ನಾರೂ ಹೋಗುತ್ತದೆ. ತೌಡು ಉಳಿದ ಧಾನ್ಯ ಮಂಕು ಬಣ್ಣದ್ದು, ಅದರ ಎಣ್ಣೆಯಂಶ ಬೇಗ ಕಮಟುವುದರಿಂದ ಹೆಚ್ಚು ದಿನ ಇಡಲಾಗದು. ಹಾಗಾಗಿ ವ್ಯಾಪಾರಕ್ಕೆ ಬಿಳುಪೇ ಅನುಕೂಲ.

ಈ ಮಳಿಗೆಗಳಿಂದಲೇ ಅಲ್ಲವೇ ಕೊರಲೆ, ಊದಲು ಪೇಟೆಗೆ ಮರಳಿದ್ದು ಎಂದು ಕೇಳಬಹುದು. ಅದರಲ್ಲಿ ಅವುಗಳ ಪಾಲು ದೊಡ್ಡದೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರುವ ಮೊದಲೇ ಇಂಥ ಅಂಗಡಿಗಳು ಅವನ್ನು ಮಾರುತ್ತಿದ್ದವು. ರಾಸಾಯನಿಕ ಬೇಡವೆನ್ನುವವರಿಗೆ ‘ಜೈವಿಕ್ ಭಾರತ್’ ಮುದ್ರೆಯೂ ಉಪಯುಕ್ತ. ಆದರೆ ಆ ಮುದ್ರೆ ಹೇಳುವುದು ಬೆಳೆದ ಬಗೆಯನ್ನು. ಸಾವಯವ ಸಕ್ಕರೆಯೂ ದೇಹಕ್ಕೆ ಸಕ್ಕರೆಯೇ. ಇತ್ತ ರಾಗಿಗೆ ಸುಲಿಯುವ ಸಿಪ್ಪೆಯಿಲ್ಲ, ಕಾಳು ಕಾಳಾಗಿಯೇ ಹಿಟ್ಟಾಗುತ್ತದೆ. ಬೀದಿ ಕೊನೆಯ ಗಿರಣಿಯಲ್ಲಿ ಬೀಸಿಸಿ ಜರಡಿ ಹಿಡಿಯದೆ ಬಳಸಿದ ರಾಗಿಯಲ್ಲಿ ತೌಡು, ನಾರು, ಸುಣ್ಣಾಂಶ ಎಲ್ಲವೂ ಇವೆ, ದುಬಾರಿ ಪೊಟ್ಟಣದ ಹಂಗಿಲ್ಲದೆ.

ಸಂತೆಗೆ ಬಂದವರೆಲ್ಲ ಭೂತಗನ್ನಡಿ ಹಿಡಿದು ಓದುತ್ತಾ ಕೂರಲಾದೀತೇ ಎಂಬ ಆಕ್ಷೇಪ ಮಾತ್ರ ತೂಕದ್ದು. ಈ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ನಿಯಮ. ಕನ್ನಡ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು. ಕನ್ನಡವಷ್ಟೇ ಬಲ್ಲ ಹಿರಿಯರಿಗೆ ಹಾಗಾಗಿ ಉಳಿಯುವುದು ಮುಂಬದಿಯ ಚಿತ್ರವೊಂದೇ. ಇದಕ್ಕೆ ದಿಲ್ಲಿಯ ತಿದ್ದುಪಡಿಗೆ ಕಾಯಬೇಕಿಲ್ಲ. ಆರೋಗ್ಯದ ಹೆಸರಲ್ಲಿ ಹೆಚ್ಚು ಬೆಲೆ ಕೇಳುವ ಮಳಿಗೆ, ಕಪಾಟಿನ ಅಂಚಿನ ದರದ ಚೀಟಿಯಲ್ಲೇ ಮೊದಲ ಮೂರು ಪದಾರ್ಥ ಮತ್ತು ಸಕ್ಕರೆಯ ಪ್ರಮಾಣವನ್ನು ಕನ್ನಡದಲ್ಲಿ ಬರೆದು ಅಂಟಿಸಲಿ. ಒಪ್ಪುವ ಅಂಗಡಿ ಯಾವುದು, ನುಣುಚಿಕೊಳ್ಳುವುದು ಯಾವುದು ಎಂಬುದರಿಂದಲೇ ಗಿರಾಕಿಗೆ ಬೇಕಾದ ಉತ್ತರ ಸಿಗುತ್ತದೆ.