ರಿಮೋಟಿನ ಸಂಕೇತ ಗುಟ್ಟಾಗಿರಬೇಕೇ?

ಕರ್ನಾಟಕದ ಯಾವ ಊರಿನ ಸಾಧಾರಣ ಮನೆಯ ಹಜಾರಕ್ಕೆ ಹೋದರೂ ಟಿ.ವಿ.ಗೊಂದು, ಸೆಟ್‌ಟಾಪ್ ಬಾಕ್ಸ್‌ಗೊಂದು ರಿಮೋಟ್ ಕಣ್ಣಿಗೆ ಬೀಳುತ್ತದೆ. ಹೋಂ ಥಿಯೇಟರ್ ಇದ್ದರೆ ಅದಕ್ಕೆ ಮೂರನೆಯದು. ಸಂಜೆಯ ವಾರ್ತೆ ನೋಡಬೇಕಾದರೆ ಒಂದರಲ್ಲಿ ಟಿ.ವಿ. ಹಚ್ಚಬೇಕು, ಇನ್ನೊಂದರಲ್ಲಿ ಬಾಕ್ಸ್ ಎಬ್ಬಿಸಬೇಕು, ಚಾನೆಲ್‌ಗೆ ಒಂದು, ಸದ್ದಿಗೆ ಮತ್ತೊಂದು ಎಂದು ಕೈ ಬದಲಿಸುತ್ತಿರಬೇಕು. ನಡುವೆ ಬೆರಳು ತಪ್ಪಿ ‘ಸೋರ್ಸ್’ ಗುಂಡಿಗೆ ತಾಗಿತೋ, ಪರದೆಯ ಮೇಲೆ ‘ನೋ ಸಿಗ್ನಲ್’ ಎಂಬ ಅಕ್ಷರ ಮಾತ್ರ ಉಳಿಯುತ್ತದೆ. ಆಮೇಲೆ ಮೊಮ್ಮಗ ಶಾಲೆಯಿಂದ ಬರುವ ತನಕ ಮನೆಯ ಹಿರಿಯರಿಗೆ ಟಿ.ವಿ. ಇದ್ದೂ ಇಲ್ಲದ ಹಾಗೆ. ವಯಸ್ಸಾದವರಿಗೆ ಇದೆಲ್ಲ ತಿಳಿಯುವುದಿಲ್ಲ ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಆ ಮಾತು ಅನ್ಯಾಯದ್ದು. ತಪ್ಪಿರುವುದು ಯಂತ್ರಗಳಲ್ಲಿ, ಅದನ್ನು ಸರಿಪಡಿಸಲು ಹೆಚ್ಚು ಖರ್ಚೂ ಇಲ್ಲ. ಪ್ರತಿ ಟಿ.ವಿ., ಪ್ರತಿ ಬಾಕ್ಸ್ ತಯಾರಕರು ತಮ್ಮ ರಿಮೋಟಿನ ಸಂಕೇತಗಳನ್ನು ಬಹಿರಂಗವಾಗಿ ಕೊಡಬೇಕು. ಆನ್ ಮಾಡಲು ಒಂದು, ಆಫ್ ಮಾಡಲು ಇನ್ನೊಂದು ಎಂದು ಬೇರೆ ಬೇರೆ ಸಂಕೇತ ಇಡಬೇಕು. ಇದನ್ನು ಕಡ್ಡಾಯ ಮಾಡುವ ಕೆಲಸ ಸರ್ಕಾರದ್ದು.

ಸರ್ಕಾರ ಏಕೆ ಎಂದರೆ, ಬಹುಪಾಲು ಮನೆಗಳಿಗೆ ಎರಡನೆಯ ರಿಮೋಟ್ ಬಂದದ್ದೇ ಸರ್ಕಾರದ ಕಾನೂನಿನಿಂದ. ಕೇಬಲ್ ವೈರನ್ನು ನೇರವಾಗಿ ಟಿ.ವಿ.ಗೆ ಸಿಕ್ಕಿಸಿ ನೋಡುತ್ತಿದ್ದ ಕಾಲದಲ್ಲಿ ಒಂದೇ ರಿಮೋಟ್ ಸಾಕಾಗುತ್ತಿತ್ತು. 2011ರಲ್ಲಿ ಕೇಬಲ್ ಟಿ.ವಿ. ಕಾಯ್ದೆಗೆ ತಿದ್ದುಪಡಿಯಾಗಿ ಡಿಜಿಟಲ್ ಪ್ರಸಾರ ಕಡ್ಡಾಯವಾಯಿತು. ಎರಡನೆಯ ಹಂತದ 38 ನಗರಗಳಲ್ಲಿ ಬೆಂಗಳೂರು, ಮೈಸೂರು ಸೇರಿದ್ದವು, ಅವುಗಳಿಗೆ ಕೊಟ್ಟ ಗಡುವು 2013ರ ಮಾರ್ಚ್ 31. ಆಮೇಲೆ ಸಣ್ಣ ಊರು, ಹಳ್ಳಿಗಳ ಸರದಿ. ಚಿತ್ರ ಸ್ಪಷ್ಟವಾಯಿತು, ಚಾನೆಲ್ ಹೆಚ್ಚಿದವು, ಅದರಲ್ಲಿ ತಕರಾರಿಲ್ಲ. ಆದರೆ ಹೊಸ ಪೆಟ್ಟಿಗೆ ಹಳೆಯ ಪೆಟ್ಟಿಗೆಯೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಗ್ರಾಹಕನ ತಲೆಗೆ ಬಿಡಲಾಯಿತು. ಬಾಕ್ಸ್ ಇಡಲು ಬಂದ ಹುಡುಗ ವೈರ್ ಜೋಡಿಸಿ, ಚಾನೆಲ್ ಬಂತು ಎಂದು ತೋರಿಸಿ ಹೊರಟರೆ ಅವನ ಕೆಲಸ ಮುಗಿಯಿತು.

ಹಾಗಾದರೆ ಯೂನಿವರ್ಸಲ್ ರಿಮೋಟ್ ತಂದರಾಯಿತಲ್ಲ ಎನ್ನುತ್ತಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಎಲೆಕ್ಟ್ರಾನಿಕ್ಸ್ ಅಂಗಡಿಯವರೆಗೆ ಅದು ಸಿಗುತ್ತದೆ, ದುಬಾರಿಯೂ ಅಲ್ಲ. ಅದನ್ನು ಹೊಂದಿಸುವ ಬಗೆಯನ್ನೊಮ್ಮೆ ಹತ್ತಿರದಿಂದ ನೋಡಬೇಕು. ಒಂದು ಬಗೆ, ಕೋಡ್ ಹಾಕುವುದು. ಜೊತೆಗೆ ಬಂದ ಚೀಟಿಯಲ್ಲಿ ಇರುವೆಯಂಥ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಕಂಪನಿಗಳ ಹೆಸರೂ ಅದರ ಮುಂದೆ ಸಾಲು ಸಾಲು ಅಂಕಿಗಳೂ ಇರುತ್ತವೆ. ‘ಸೆಟ್’ ಗುಂಡಿ ಒತ್ತಿಹಿಡಿದು, ಕೆಂಪು ದೀಪ ಹತ್ತಿದ ಮೇಲೆ ಒಂದೊಂದೇ ಅಂಕಿಸಾಲು ಹಾಕಿ ನೋಡುತ್ತ ಹೋಗಬೇಕು. ಒಂದರಲ್ಲಿ ಟಿ.ವಿ. ಆರುತ್ತದೆ, ಸದ್ದು ಏರುವುದಿಲ್ಲ. ಇನ್ನೊಂದರಲ್ಲಿ ಸದ್ದು ಏರುತ್ತದೆ, ‘ಸೋರ್ಸ್’ ತೆರೆಯುವುದಿಲ್ಲ. ಇನ್ನೊಂದು ಬಗೆ, ಕಲಿಸುವುದು. ಹಳೆಯ ರಿಮೋಟನ್ನೂ ಹೊಸದನ್ನೂ ಮೇಜಿನ ಮೇಲೆ ಮೂತಿಗೆ ಮೂತಿ ಇಟ್ಟು, ನಡುವೆ ಎರಡು ಮೂರು ಬೆರಳಷ್ಟು ಜಾಗ ಬಿಟ್ಟು, ಹೊಸದರಲ್ಲಿ ಕಲಿಯಬೇಕಾದ ಗುಂಡಿ ಒತ್ತಿ, ಹಳೆಯದರಲ್ಲಿ ಅದೇ ಕೆಲಸದ ಗುಂಡಿ ಒತ್ತಬೇಕು. ದೀಪ ಮಿಟುಕಿದರೆ ಪಾಠ ಹತ್ತಿತೆಂದು ಅರ್ಥ. ಡಿ.ಟಿ.ಎಚ್. ಕಂಪನಿಗಳು ಕೊಡುವ ಎಷ್ಟೋ ರಿಮೋಟ್‌ಗಳಲ್ಲಿ ಟಿ.ವಿ.ಯ ಪವರ್ ಮತ್ತು ಸದ್ದನ್ನು ಹೀಗೆ ಕಲಿಯಲೆಂದೇ ನಾಲ್ಕಾರು ಗುಂಡಿ ಇರುತ್ತವೆ. ಹಾಗೆಂದು ಹೇಳುವವರಿಲ್ಲದೆ ಅವು ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತವೆ. ಕಲಿಸುವ ವಿಧಾನ ಒಳ್ಳೆಯದೇ. ಆದರೆ ಜನ ಯೂನಿವರ್ಸಲ್ ರಿಮೋಟ್ ಹುಡುಕಿಕೊಂಡು ಹೋಗುವುದು ಹೆಚ್ಚಾಗಿ ಹಳೆಯದು ಕಳೆದಾಗ, ಇಲ್ಲವೇ ಕೆಟ್ಟಾಗ. ಕಲಿಸಬೇಕಾದದ್ದೇ ಸತ್ತ ಮೇಲೆ ಪಾಠ ಎಲ್ಲಿಂದ ಬರಬೇಕು?

ಇಷ್ಟಾಗಿಯೂ ಹೊಂದಿಸಿದರು ಎನ್ನೋಣ, ಆಗ ಎದುರಾಗುವುದು ನನ್ನ ವಾದದ ಮುಖ್ಯ ಅಂಶ. ನಮ್ಮ ರಿಮೋಟಿನ ಪವರ್ ಗುಂಡಿ ಸಾಮಾನ್ಯವಾಗಿ ಕಳಿಸುವುದು ‘ಹತ್ತು’ ಎಂಬ ಆಜ್ಞೆಯನ್ನೂ ಅಲ್ಲ, ‘ಆರು’ ಎಂಬುದನ್ನೂ ಅಲ್ಲ. ‘ಈಗಿರುವುದಕ್ಕೆ ತಿರುಗಾಮುರುಗಾ ಆಗು’ ಎಂಬ ಒಂದೇ ಸಂಕೇತವನ್ನು. ಒಂದು ಟಿ.ವಿ.ಗೆ ಒಂದೇ ರಿಮೋಟ್ ಇದ್ದಾಗ ಅದು ಸಾಕಿತ್ತು, ಕಣ್ಣೆದುರಿಗೇ ಕಾಣುತ್ತಿತ್ತಲ್ಲ. ಒಂದೇ ಗುಂಡಿಯಿಂದ ಟಿ.ವಿ., ಬಾಕ್ಸ್, ಹೋಂ ಥಿಯೇಟರ್ ಮೂರನ್ನೂ ಹಚ್ಚಲು ಹೊರಟರೆ ಕೆಡುವುದು ಇಲ್ಲೇ. ಮೂರರಲ್ಲಿ ಒಂದು ಮೊದಲೇ ಹತ್ತಿದ್ದರೆ ಅದು ಆರಿಹೋಗುತ್ತದೆ. ಎದುರಿಗೆ ಯಾರೋ ಹಾದುಹೋಗಿ ಒಂದಕ್ಕೆ ಬೆಳಕು ತಲುಪದಿದ್ದರೆ ಎರಡು ಹತ್ತಿ ಒಂದು ಉಳಿಯುತ್ತದೆ. ಮತ್ತೆ ಒತ್ತಿದರೆ ಹತ್ತಿದ್ದವು ಆರುತ್ತವೆ, ಆರಿದ್ದದ್ದು ಹತ್ತುತ್ತದೆ. ‘ಸೋರ್ಸ್’ ಗುಂಡಿಯ ಕಥೆಯೂ ಇದೇ: ನೇರವಾಗಿ ಒಂದನೆಯ ಎಚ್‌ಡಿಎಂಐಗೆ ಹೋಗು ಎನ್ನಲು ಹೆಚ್ಚಿನ ರಿಮೋಟ್‌ಗಳಲ್ಲಿ ದಾರಿಯಿಲ್ಲ, ಪಟ್ಟಿಯಲ್ಲಿ ಇಳಿಯುತ್ತ ಹೋಗಬೇಕು. ಎಷ್ಟೋ ಟಿ.ವಿ.ಗಳ ಒಳಗೆ ಆನ್‌ಗೂ ಆಫ್‌ಗೂ ಪ್ರತಿ ಸೋರ್ಸ್‌ಗೂ ಬೇರೆ ಬೇರೆ ಸಂಕೇತ ಇದ್ದೇ ಇವೆ. ಜೊತೆಗೆ ಕೊಟ್ಟ ರಿಮೋಟಿನಲ್ಲಿ ಅದಕ್ಕೆ ಗುಂಡಿಯಿಲ್ಲ, ಕೈಪಿಡಿಯಲ್ಲಿ ಅದರ ಸುದ್ದಿಯಿಲ್ಲ. ಇರುವುದನ್ನು ಹೇಳಿ ಎಂದಷ್ಟೇ ಕೇಳಿದರೂ ಅರ್ಧ ತೊಂದರೆ ತೀರುತ್ತದೆ.

ಇದು ಕಂಪನಿಯ ಸ್ವತ್ತು, ಗುಟ್ಟು ಬಿಟ್ಟುಕೊಡಿ ಎನ್ನುವುದು ಸರಿಯೇ ಎಂದು ಕೇಳುವವರಿದ್ದಾರೆ. ಇಲ್ಲಿ ಕಾಪಾಡಬೇಕಾದ ಗುಟ್ಟೇನೂ ಇಲ್ಲ. ಅತಿಗೆಂಪು ಬೆಳಕನ್ನು ಸೆಕೆಂಡಿಗೆ ಸುಮಾರು 38 ಸಾವಿರ ಬಾರಿ ಮಿಟುಕಿಸಿ, ಅದರ ಮೇಲೆ ಕೆಲವೇ ಬಿಟ್‌ಗಳನ್ನು ಕೂರಿಸಿ ಕಳಿಸುವುದು ಇದರ ತಂತ್ರ. ಜಪಾನಿನ ಎನ್‌ಇಸಿ ಕಂಪನಿಯ ಹೆಸರಿನ, ಬಹಳ ಬಳಕೆಯಲ್ಲಿರುವ ಪದ್ಧತಿಯಲ್ಲಿ ಒಟ್ಟು 32 ಬಿಟ್‌ಗಳು: ಎಂಟರಲ್ಲಿ ಯಾವ ಯಂತ್ರಕ್ಕೆ ಎಂಬ ವಿಳಾಸ, ಎಂಟರಲ್ಲಿ ಯಾವ ಕೆಲಸ ಎಂಬ ಆಜ್ಞೆ, ಉಳಿದ ಹದಿನಾರು ಅವೆರಡರ ಮಗುಚಿದ ಪ್ರತಿ, ತಪ್ಪು ಹಿಡಿಯಲೆಂದು. ಈ ಬೆಳಕು ಗೋಡೆ ದಾಟುವುದಿಲ್ಲ, ಹಾಗಾಗಿ ಪಕ್ಕದ ಮನೆಯವರು ದುರ್ಬಳಕೆ ಮಾಡಿಯಾರೆಂಬ ಭಯಕ್ಕೂ ಹೆಚ್ಚಿನ ಆಧಾರವಿಲ್ಲ. ಹವ್ಯಾಸಿಗಳು ಎಲ್‌ಐಆರ್‌ಸಿ ಎಂಬ ಮುಕ್ತ ತಂತ್ರಾಂಶದ ಯೋಜನೆಯಲ್ಲಿ ನಾನಾ ರಿಮೋಟ್‌ಗಳ ಸಂಕೇತಗಳನ್ನು ಅಳೆದು ಕೂಡಿಟ್ಟಿದ್ದಾರೆ. ಅಂದರೆ ಬಲ್ಲವರಿಗೆ ಇದು ಈಗಲೂ ತೆರೆದ ಪುಸ್ತಕ. ಮುಚ್ಚಿರುವುದು ಚೀಟಿ ಹಿಡಿದು ಅಂಕಿ ಒತ್ತುತ್ತಿರುವ ಗೃಹಿಣಿಗೆ, ರಿಪೇರಿ ಅಂಗಡಿಯ ಹುಡುಗನಿಗೆ.

ಮಾರುಕಟ್ಟೆಯೇ ಇದನ್ನು ಸರಿಮಾಡುತ್ತದೆ ಎಂಬ ಮಾತನ್ನು ಒಪ್ಪಬಹುದಿತ್ತು, ಅದಕ್ಕೆ ಕಾಲಾವಕಾಶ ಸಿಕ್ಕಿರದಿದ್ದರೆ. ಆ್ಯಪಲ್‌ನ ಸಹಸ್ಥಾಪಕ ಸ್ಟೀವ್ ವಾಜ್ನಿಯಾಕ್ ತನ್ನದೇ ಬೇರೆ ಕಂಪನಿ ಕಟ್ಟಿ, ಬೇರೆ ರಿಮೋಟ್‌ಗಳಿಂದ ಕಲಿಯುವ ರಿಮೋಟನ್ನು ಮಾರುಕಟ್ಟೆಗೆ ತಂದದ್ದು 1987ರಲ್ಲಿ. ಲಾಜಿಟೆಕ್ ಕಂಪನಿಯ ಹಾರ್ಮನಿ ರಿಮೋಟ್‌ಗಳು ಈ ಕೆಲಸವನ್ನು ಬಹಳ ಮುಂದಕ್ಕೆ ಒಯ್ದಿದ್ದವು. ಯಾವ ಯಂತ್ರ ಹತ್ತಿದೆ, ಯಾವುದು ಆರಿದೆ ಎಂದು ನೆನಪಿಡುವ ಉಪಾಯ ಅವುಗಳಲ್ಲಿತ್ತು. 2021ರ ಏಪ್ರಿಲ್‌ನಲ್ಲಿ ಕಂಪನಿ ಅವುಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಅಷ್ಟು ದುಬಾರಿ ಸಾಧನ ನೆಚ್ಚಿಕೊಂಡು ನಮ್ಮ ಮಧ್ಯಮ ವರ್ಗದ ಮನೆ ನಡೆಯುವುದೂ ಇಲ್ಲ.

ಇನ್ನೊಂದು ಆಕ್ಷೇಪಕ್ಕೆ ತೂಕ ಹೆಚ್ಚು: ಹೊಸ ಟಿ.ವಿ.ಗಳಲ್ಲಿ ಎಚ್‌ಡಿಎಂಐ ವೈರಿನ ಮೂಲಕವೇ ಒಂದು ಯಂತ್ರ ಇನ್ನೊಂದನ್ನು ನಿಯಂತ್ರಿಸುವ ಸಿಇಸಿ ವ್ಯವಸ್ಥೆ ಇದೆ, ಇನ್ನು ಅತಿಗೆಂಪು ಸಂಕೇತದ ಗೊಡವೆ ಏಕೆ? ಸಿಇಸಿ ನಿಜಕ್ಕೂ ಸೊಗಸಾದದ್ದು. ಬಾಕ್ಸ್ ಎದ್ದರೆ ಟಿ.ವಿ. ತಾನೇ ಎದ್ದು ಸರಿಯಾದ ಸೋರ್ಸ್‌ಗೆ ಬರುತ್ತದೆ, ಟಿ.ವಿ. ಮಲಗಿದರೆ ಎಲ್ಲವೂ ಮಲಗುತ್ತವೆ. ಆದರೆ ಅದನ್ನು ಸ್ಯಾಮ್‌ಸಂಗ್ ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ಒಂದೇ ವಸ್ತುವಿಗೆ ಇಷ್ಟು ಹೆಸರಿಟ್ಟರೆ ಮೆನುವಿನಲ್ಲಿ ಏನೆಂದು ಹುಡುಕುವುದು? ಅದಲ್ಲದೆ ಎಲ್ಲ ಸೆಟ್‌ಟಾಪ್ ಬಾಕ್ಸ್‌ಗಳಿಗೂ ಈ ಭಾಷೆ ಬರುವುದಿಲ್ಲ. ಕೆಂಪು-ಬಿಳಿ-ಹಳದಿ ವೈರಿನಲ್ಲಿ ಜೋಡಿಸಿದ ಮನೆಗಳಿಗಂತೂ ಇದು ಇಲ್ಲವೇ ಇಲ್ಲ. ಧ್ವನಿಯಿಂದ ನಡೆಯುವ ರಿಮೋಟ್‌ಗಳೂ ಬಂದಿವೆ. ಇವುಗಳಲ್ಲಿ ಹಲವು ಬ್ಲೂಟೂತ್‌ನಲ್ಲಿ ಮಾತಾಡುವುದರಿಂದ ಕಲಿಯುವ ರಿಮೋಟಿಗೆ ಏನನ್ನೂ ಕಲಿಸಲಾರವು. ಹೊಸತು ಬಂದಷ್ಟೂ ಮೇಜಿನ ಮೇಲಿನ ರಿಮೋಟ್ ಒಂದು ಹೆಚ್ಚುತ್ತಿದೆ, ಕಡಿಮೆಯಾಗುತ್ತಿಲ್ಲ.

ನಿಯಮ ಮಾಡುವುದು ನಮ್ಮಲ್ಲಿ ಹೊಸದೇನಲ್ಲ. 2020ರ ಏಪ್ರಿಲ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಕಂಪನಿ ಬದಲಿಸಿದರೂ ಅದೇ ಸೆಟ್‌ಟಾಪ್ ಬಾಕ್ಸ್ ಬಳಸುವಂತಿರಬೇಕು ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿ ಉಳಿದು ಬಾಕ್ಸ್‌ಗಳು ಬದಲಾಗಲಿಲ್ಲ, ಆದ್ದರಿಂದಲೇ ಕಡ್ಡಾಯ ಎಂಬ ಪದವನ್ನು ನಾನು ಬಳಸುತ್ತಿರುವುದು. ಭಾರತೀಯ ಮಾನಕ ಬ್ಯೂರೊ 2023ರ ಜನವರಿಯಲ್ಲಿ ಪ್ರಕಟಿಸಿದ ಮಾನಕಗಳಲ್ಲಿ ಟೈಪ್-ಸಿ ಚಾರ್ಜರಿನದೂ ಇತ್ತು, ಉಪಗ್ರಹ ಟ್ಯೂನರ್ ಒಳಗೇ ಇರುವ ಟಿ.ವಿ.ಯದೂ ಇತ್ತು. ಎರಡನೆಯದರ ಉದ್ದೇಶವೇ ಉಚಿತ ಚಾನೆಲ್ ನೋಡುವವರಿಗೆ ಬೇರೆ ಬಾಕ್ಸ್, ಬೇರೆ ರಿಮೋಟ್ ಬೇಡವಾಗಿಸುವುದು. ಟಿ.ವಿ.ಯ ಮಾನಕ ಬರೆಯುವಾಗ ಅದೇ ಕೈಯಲ್ಲಿ ಮೂರು ಸಾಲು ಸೇರಿಸುವುದು ಹೊರೆಯೇ? ಟಿ.ವಿ.ಯ ಬೆನ್ನಿನ ಪಟ್ಟಿಯಲ್ಲಿ ಈಗಾಗಲೇ ಮಾದರಿ ಸಂಖ್ಯೆ, ವೋಲ್ಟೇಜು, ವ್ಯಾಟು ಅಚ್ಚಾಗಿರುತ್ತವೆ. ಅವುಗಳ ಕೆಳಗೆ ರಿಮೋಟಿನ ಪದ್ಧತಿ ಯಾವುದು, ವಿಳಾಸ ಎಷ್ಟು, ಆನ್, ಆಫ್ ಮತ್ತು ಪ್ರತಿ ಸೋರ್ಸಿನ ಆಜ್ಞೆ ಎಷ್ಟು ಎಂದು ಅಚ್ಚು ಹಾಕಿದರೆ ಹತ್ತು ವರ್ಷದ ಮೇಲೆ, ತಯಾರಿಸಿದ ಕಂಪನಿಯೇ ಇಲ್ಲದಿದ್ದರೂ, ಓಣಿಯ ಅಂಗಡಿಯವನು ಟಿ.ವಿ.ಯ ಬೆನ್ನು ತಿರುಗಿಸಿ ಓದಿ, ಹೊಸ ರಿಮೋಟಿಗೆ ಅದನ್ನು ತುಂಬಿ ಅಜ್ಜಿಯ ಕೈಗೆ ಕೊಡಬಹುದು.